ಡಫಿ ಡಾಹರ್ಟಿ: ಗಾರ್ಡ್ ಜಾಗದಿಂದ ಕೋಚ್ ಹುದ್ದೆಗೆ

ಮಾನ್ಯ ಸಭಿಕರೇ,

ಅಮೆರಿಕನ್ ಫುಟ್‌ಬಾಲ್ ನೋಡುವಾಗ ನಮ್ಮ ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ. ಚೆಂಡು ಹಿಡಿದವನಿಗೆ ದಾರಿ ಮಾಡಿಕೊಡಲು ಎದುರಾಳಿಗೆ ಎದೆಯೊಡ್ಡಿ ತಳ್ಳುವ ಲೈನ್‌ಮನ್‌ಗಳನ್ನು ಗಮನಿಸುವವರು ಕಡಿಮೆ. ಎಲ್ಲರೂ ‘ಡಫಿ’ ಎಂದೇ ಕರೆಯುತ್ತಿದ್ದ ಹ್ಯೂ ಡಾಹರ್ಟಿಯವರು ಅಂಥ ಸಾಲಿನಲ್ಲಿ ಗಾರ್ಡ್ ಆಗಿ ನಿಂತವರು.

1915ರಲ್ಲಿ ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಸೀಮೆಯಲ್ಲಿ ಹುಟ್ಟಿದ ಅವರು ಕಾಲೇಜು ಸೇರುವ ಮೊದಲು ಗಣಿಯಲ್ಲಿ ದುಡಿದಿದ್ದರು. ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಆಡುವಾಗ ಕತ್ತಿನ ಮೂಳೆ ಮುರಿದರೂ ಮತ್ತೆ ಅಂಗಳಕ್ಕಿಳಿದು, 1939ರಲ್ಲಿ ತಂಡದ ನಾಯಕರಾದರು. ಯುದ್ಧಕಾಲದ ಸೇನಾಸೇವೆ ಮುಗಿದ ಮೇಲೆ, 1947ರಲ್ಲಿ ಕೋಚ್ ಬಿಗ್ಗಿ ಮನ್ ಅವರ ಜೊತೆ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಬಂದು ಲೈನ್‌ಮನ್‌ಗಳ ತರಬೇತಿ ವಹಿಸಿಕೊಂಡರು. 1954ರಲ್ಲಿ ಮುಖ್ಯ ಕೋಚ್ ಆದರು. ಮೊದಲ ವರ್ಷ ಮೂರು ಗೆಲುವು, ಆರು ಸೋಲು. ಮರುವರ್ಷ ಒಂದೇ ಸೋಲು, ಜೊತೆಗೆ ರೋಸ್ ಬೌಲ್ ಎಂಬ ಪ್ರತಿಷ್ಠಿತ ಪಂದ್ಯದಲ್ಲಿ ವಿಜಯ.

ಆದರೆ ನಾನು ಅವರನ್ನು ನೆನೆಯುವುದು ಮುಖ್ಯವಾಗಿ ಬೇರೊಂದು ಕಾರಣಕ್ಕೆ. ಅರವತ್ತರ ದಶಕದ ಆರಂಭದಲ್ಲಿ ದಕ್ಷಿಣ ರಾಜ್ಯಗಳ ದೊಡ್ಡ ವಿಶ್ವವಿದ್ಯಾಲಯಗಳ ತಂಡಗಳು ಕಪ್ಪುವರ್ಣೀಯ ಆಟಗಾರರಿಗೆ ಬಹುಮಟ್ಟಿಗೆ ಬಾಗಿಲು ಮುಚ್ಚಿದ್ದವು. ಆ ಹುಡುಗರನ್ನು ಹತ್ತಿರದಿಂದ ಬಲ್ಲವರೆಂದರೆ ಅಲ್ಲಿನ ಕಪ್ಪುವರ್ಣೀಯ ಹೈಸ್ಕೂಲ್ ಕೋಚ್‌ಗಳು. ಡಾಹರ್ಟಿಯವರು ಅವರ ಸ್ನೇಹ ಸಂಪಾದಿಸಿ, ಅವರ ಮಾತಿನ ಮೇಲೆ ಭರವಸೆಯಿಟ್ಟರು. ಟೆಕ್ಸಾಸ್‌ನ ಬೋಮಾಂಟ್‌ನಲ್ಲಿ ಕೋಚ್ ಆಗಿದ್ದ ವಿಲ್ಲಿ ರೇ ಸ್ಮಿತ್ ಅವರ ಮಗ ಬಬ್ಬಾ ಸ್ಮಿತ್ ಬಂದದ್ದು ಹೀಗೆ; ಆ ತಂದೆಯೇ ಬೇರೆ ಶಾಲೆಯ ಜೀನ್ ವಾಷಿಂಗ್ಟನ್ ಎಂಬ ಹುಡುಗನ ಹೆಸರನ್ನೂ ಹೇಳಿದರು. ದಕ್ಷಿಣ ಕ್ಯಾರೊಲಿನಾದಿಂದ ಜಾರ್ಜ್ ವೆಬ್‌ಸ್ಟರ್, ಉತ್ತರ ಕ್ಯಾರೊಲಿನಾದ ಫಯೆಟ್‌ವಿಲ್‌ನಿಂದ ಜಿಮ್ಮಿ ರೇ ಬಂದರು. ತಂಡದ ಆಟವನ್ನೆಲ್ಲ ನಡೆಸುವ ಕ್ವಾರ್ಟರ್‌ಬ್ಯಾಕ್ ಜಾಗವನ್ನು ಕಪ್ಪುವರ್ಣೀಯನಿಗೆ ಕೊಡಲು ಹಲವರು ಹಿಂಜರಿಯುತ್ತಿದ್ದ ಆ ದಿನಗಳಲ್ಲಿ, ಡಾಹರ್ಟಿಯವರು ಅದನ್ನು ಜಿಮ್ಮಿ ರೇಗೆ ಒಪ್ಪಿಸಿದರು. ನನ್ನ ದೃಷ್ಟಿಯಲ್ಲಿ ಅವರ ವೃತ್ತಿಜೀವನದ ಅತಿ ದಿಟ್ಟ ನಿರ್ಧಾರ ಅದು.

1966ರ ನವೆಂಬರ್ 19ರಂದು ಈಸ್ಟ್ ಲ್ಯಾನ್ಸಿಂಗ್‌ನ ಸ್ಪಾರ್ಟನ್ ಕ್ರೀಡಾಂಗಣದಲ್ಲಿ, ಅಜೇಯವಾಗಿದ್ದ ನೋಟರ್ ಡೇಮ್ ತಂಡ ಎದುರಾಯಿತು. ಆ ತಂಡದಲ್ಲಿದ್ದ ಕಪ್ಪುವರ್ಣೀಯ ಆಟಗಾರ ಆಲನ್ ಪೇಜ್ ಒಬ್ಬರೇ. ಮಿಷಿಗನ್ ಸ್ಟೇಟ್‌ನಲ್ಲಿ ಇಪ್ಪತ್ತು ಮಂದಿ. ಹವಾಯಿಯಿಂದ ಬಂದ ಡಿಕ್ ಕೆನ್ನಿ ನವೆಂಬರ್ ಚಳಿಯಲ್ಲೂ ತನ್ನ ರೂಢಿಯಂತೆ ಬರಿಗಾಲಿನಲ್ಲೇ ಒದ್ದ ಚೆಂಡು 47 ಗಜ ದೂರದ ಗೋಲುಕಂಬಗಳ ನಡುವೆ ಹಾದುಹೋಗಿ, ಮಿಷಿಗನ್ ಸ್ಟೇಟ್‌ನ ಮುನ್ನಡೆ 10–0ಕ್ಕೆ ಏರಿತು. ನೋಟರ್ ಡೇಮ್ ಸಮ ಮಾಡಿಕೊಂಡು, ಕೊನೆಯ ನಿಮಿಷದಲ್ಲಿ ಗೆಲುವಿಗಾಗಿ ಅಪಾಯಕ್ಕೆ ಕೈಹಾಕದೆ ಹೊತ್ತು ಕಳೆಯಿತು. 10–10ರ ಆ ಫಲಿತಾಂಶದ ಬಗ್ಗೆ ಚರ್ಚೆ ಇಂದಿಗೂ ನಿಂತಿಲ್ಲ. ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 1967ರ ಆಯ್ಕೆಯಲ್ಲಿ ಮೊದಲ ಎಂಟು ಹೆಸರುಗಳ ಪೈಕಿ ನಾಲ್ಕು ಡಾಹರ್ಟಿಯವರ ಹುಡುಗರದು.

ಇಷ್ಟಾದರೂ ತರಬೇತುದಾರರ ಬಳಗದಲ್ಲಿ ಕಪ್ಪುವರ್ಣೀಯರಿರಲಿಲ್ಲ. 1968ರಲ್ಲಿ ಅವರದೇ ವಿಶ್ವವಿದ್ಯಾಲಯದ ಕಪ್ಪುವರ್ಣೀಯ ಕ್ರೀಡಾಪಟುಗಳು ಈ ಕೊರತೆಯನ್ನು ಮುಂದಿಟ್ಟು ಪ್ರತಿಭಟಿಸಿದರು. ಅದು ನ್ಯಾಯವಾದ ದೂರಾಗಿತ್ತು. ಆ ವರ್ಷ ಹಿಂದಿನ ಹೆಸರಾಂತ ಲೈನ್‌ಮನ್ ಡಾನ್ ಕೋಲ್ಮನ್ ಸಹಾಯಕ ಕೋಚ್ ಆಗಿ ಬಂದರು. 1972ರಲ್ಲಿ ಡಾಹರ್ಟಿಯವರು ನಿವೃತ್ತರಾಗುವ ಹೊತ್ತಿಗೆ, ಫಯೆಟ್‌ವಿಲ್‌ನ ಜಿಮ್ಮಿ ರೇ ಕೂಡ ಆ ಬಳಗದಲ್ಲಿ ಕೋಚ್ ಆಗಿದ್ದರು.