ಹೋದವರ ಹೆಸರಿನಲ್ಲಿ ಬರಬೇಕಾದ ಹಣ

ಕೇಳುಗರೇ, ನಮಸ್ಕಾರ.

ಮನೆಯಲ್ಲಿ ಸಾವಾದಾಗ ದುಡ್ಡಿನ ಮಾತೆತ್ತಲು ನಮ್ಮವರಿಗೆ ಸಂಕೋಚ. ಉತ್ತರಕ್ರಿಯೆ ಮುಗಿಯುವ ಮೊದಲೇ ಪಿ.ಎಫ್. ಲೆಕ್ಕ ಕೇಳುತ್ತಾಳೆ ಎಂದು ನೆಂಟರು ಆಡಿಕೊಂಡಾರು ಎಂಬ ಭಯ. ಆಡಿಕೊಳ್ಳಲಿ. ದುಡಿದವರು ತಿಂಗಳು ತಿಂಗಳು ಕಟ್ಟಿದ ಹಣ, ದುಡಿಸಿಕೊಂಡವರು ಕೊಡಲೇಬೇಕಾದ ಹಣ ಅದು. ಆದರೆ ಯಾವ ಕಚೇರಿಯೂ ಅದನ್ನು ಹಿಡಿದುಕೊಂಡು ಮುಂಬೈ ಬಳಿಯ ಡೊಂಬಿವಲಿಯ ಚಾಳಿನ ಮೆಟ್ಟಿಲು ಹತ್ತಿ ಬರುವುದಿಲ್ಲ. ನಾವೇ ಕೇಳಬೇಕು.

ಕೇಳುವುದಕ್ಕೆ ಮೊದಲು ಬೇಕಾದದ್ದು ಮರಣ ಪ್ರಮಾಣಪತ್ರ. ಸಾವು ಎಲ್ಲಿ ಆಯಿತೋ ಅಲ್ಲಿಯೇ ಅದರ ನೋಂದಣಿ. ಮೂವತ್ತು ವರ್ಷ ಮುಂಬೈಯಲ್ಲಿ ದುಡಿದವರು ಕೊನೆಗಾಲದಲ್ಲಿ ಊರಿಗೆ ಹೋಗಿ ಕುಂದಾಪುರದ ಮನೆಯಲ್ಲಿ ಕಣ್ಣು ಮುಚ್ಚಿದರೆ ಇಲ್ಲಿನ ಪಾಲಿಕೆಯ ವಾರ್ಡ್ ಕಚೇರಿ ಏನೂ ಮಾಡಲಾರದು. ಊರಿನ ನೋಂದಣಾಧಿಕಾರಿಯಿಂದಲೇ ಕಾಗದ ತರಬೇಕು. ಆಸ್ಪತ್ರೆಯಲ್ಲಿ ಸತ್ತರೆ ಆಸ್ಪತ್ರೆಯೇ ತಿಳಿಸುತ್ತದೆ. ಮನೆಯಲ್ಲಾದರೆ ಆ ಹೊಣೆ ಮನೆಯವರದು, ಅದಕ್ಕೆ 21 ದಿನಗಳ ಗಡುವು. 30 ದಿನಗಳವರೆಗೆ ತಡದ ಶುಲ್ಕ ಕಟ್ಟಿದರೆ ಸಾಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕಾಗುತ್ತದೆ.

ಈ ಕಾಗದದಲ್ಲಿ ಹೆಸರು ಹೇಗೆ ಬರೆದಿದೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ನಮ್ಮ ಹೆಸರುಗಳ ಪಾಡು ನಿಮಗೆ ಗೊತ್ತೇ ಇದೆ. ಊರಿನ ಶಾಲೆಯಲ್ಲಿ ಕೆ. ಸುಧಾಕರ, ಹೋಟೆಲಿನ ಹಾಜರಿ ಪುಸ್ತಕದಲ್ಲಿ ಸುಧಾಕರ ಪೂಜಾರಿ, ಇಲ್ಲಿನ ಪದ್ಧತಿಯಂತೆ ತಂದೆಯ ಹೆಸರನ್ನು ನಡುವೆ ಸೇರಿಸಿ ಗುಮಾಸ್ತರು ಬರೆಯುವುದು ಸುಧಾಕರ ಕೃಷ್ಣ ಪೂಜಾರಿ. ಮೂವರೂ ಒಬ್ಬನೇ ಎಂದು ಹೆಂಡತಿಗೆ ಗೊತ್ತು, ಗಣಕಯಂತ್ರಕ್ಕೆ ಗೊತ್ತಿಲ್ಲ. ಆದ್ದರಿಂದ ಆಸ್ಪತ್ರೆಯಲ್ಲಾಗಲಿ, ಸ್ಮಶಾನದ ಕಚೇರಿಯಲ್ಲಾಗಲಿ ಹೆಸರು ಹೇಳುವ ಕೆಲಸವನ್ನು ಅಳುತ್ತಿರುವವರಿಗೆ ಬಿಡಬೇಡಿ. ತಲೆ ಸ್ಥಿಮಿತದಲ್ಲಿರುವ ಭಾವನೋ ಅಳಿಯನೋ ಆಧಾರ್ ಕಾರ್ಡ್ ಕೈಯಲ್ಲಿ ಹಿಡಿದು ಅಕ್ಷರ ಅಕ್ಷರ ನೋಡಿ ಬರೆಸಲಿ. ತಪ್ಪಾದರೆ ತಿದ್ದಿಸಲು ದಾರಿಯಿದೆ. ಆದರೆ ಅಫಿಡವಿಟ್ಟು, ಓಡಾಟ, ನಾಳೆ ಬನ್ನಿ ಎಂಬ ಮಾತು, ಎಲ್ಲವೂ ಜೊತೆಗೇ ಬರುತ್ತವೆ.

ಇನ್ನು ಪಿ.ಎಫ್. ಬಹಳ ಮಂದಿ ಇದನ್ನು ಒಂದೇ ಹಣ ಎಂದುಕೊಂಡಿದ್ದಾರೆ. ಕೆಲಸದಲ್ಲಿರುವಾಗಲೇ ತೀರಿಕೊಂಡರೆ ಅಲ್ಲಿ ಮೂರು ಹಣಗಳಿವೆ. ಕೂಡಿಟ್ಟ ಭವಿಷ್ಯನಿಧಿ ಒಂದು. ಎರಡನೆಯದು ವಿಮೆ. ಅದಕ್ಕೆ ಕಾರ್ಮಿಕ ಒಂದು ಪೈಸೆಯನ್ನೂ ಕಟ್ಟಿರುವುದಿಲ್ಲ, ಮಾಲೀಕರೇ ಕಟ್ಟುತ್ತಾರೆ. ಗರಿಷ್ಠ 7 ಲಕ್ಷ ರೂಪಾಯಿಯವರೆಗೆ ಬರಬಹುದು. ಮೂರನೆಯದು ಪಿಂಚಣಿ. ಪಿಂಚಣಿಗೆ ಹತ್ತು ವರ್ಷ ಸೇವೆಯಾಗಿರಬೇಕು ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಅದು ಬದುಕಿ ನಿವೃತ್ತರಾಗುವವರಿಗೆ. ಸೇವೆಯಲ್ಲಿದ್ದಾಗ ಸತ್ತರೆ ಒಂದು ತಿಂಗಳ ವಂತಿಗೆ ಜಮೆಯಾಗಿದ್ದರೂ ಸಾಕು, ವಿಧವೆಗೆ ಪಿಂಚಣಿ ಉಂಟು. ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಮುಂಬೈಯಲ್ಲಿ ಸಾವಿರ ರೂಪಾಯಿಗೆ ಏನು ಬರುತ್ತದೆ ಎಂದು ನೀವು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಆದರೆ ಅದರ ಜೊತೆಗೆ ಇಬ್ಬರು ಮಕ್ಕಳಿಗೆ, 25 ವರ್ಷ ತುಂಬುವವರೆಗೆ, ಬೇರೆಯಾಗಿ ಪಿಂಚಣಿ ಇದೆ. ಅದನ್ನು ಕೇಳದೆ ಬಿಟ್ಟವರು ಬಹಳ.

ಊರಿನಿಂದ ಬಂದ ಹುಡುಗ ಹೋಟೆಲಿಗೆ ಸೇರುವಾಗ ನಾಮಿನಿ, ಅಂದರೆ ತಾನು ಸತ್ತರೆ ಹಣ ಪಡೆಯುವವರು, ಎಂದು ತನ್ನನ್ನು ಕರೆತಂದ ಅಣ್ಣನ ಹೆಸರನ್ನು ಕೊಡುತ್ತಾನೆ. ಆಮೇಲೆ ಮದುವೆಯಾಗುತ್ತದೆ, ಮಕ್ಕಳಾಗುತ್ತವೆ, ಆ ಕಾಗದ ಯಾರಿಗೂ ನೆನಪಿರುವುದಿಲ್ಲ. ಪಿ.ಎಫ್. ನಿಯಮದಂತೆ ಮದುವೆಯಾದೊಡನೆ ಆ ನಾಮನಿರ್ದೇಶನ ಬಿದ್ದುಹೋಗುತ್ತದೆ. ಹೊಸದನ್ನು ಈಗ ಮೊಬೈಲಿನಲ್ಲಿಯೇ ತುಂಬಬಹುದು. ಇವತ್ತು ರಜೆಯಿದ್ದರೆ ಇವತ್ತೇ ಮಾಡಿ.

ಗ್ರ್ಯಾಚುಟಿಗೆ, ಅಂದರೆ ದುಡಿದ ವರ್ಷಗಳ ಲೆಕ್ಕದಲ್ಲಿ ಮಾಲೀಕರು ಕೊಡುವ ಇಡಿಗಂಟಿಗೆ, ಐದು ವರ್ಷ ಬೇಕು ಎಂಬ ನಿಯಮವೂ ಸಾವಿಗೆ ಅನ್ವಯಿಸುವುದಿಲ್ಲ. ಮೂರೇ ವರ್ಷ ದುಡಿದಿದ್ದರೂ ಆ ಮೂರು ವರ್ಷದ್ದು ಕೊಡಬೇಕು. ಮಾಲೀಕರು ನಮ್ಮೂರಿನವರೇ, ಹೇಗೆ ಕೇಳುವುದು ಎನ್ನುತ್ತೀರಾ? ನಮ್ಮೂರಿನವರೇ ಆದ್ದರಿಂದ ಕೇಳುವುದು ಸುಲಭವಾಗಬೇಕಲ್ಲವೇ?

ಇ.ಎಸ್.ಐ., ಅಂದರೆ ನೌಕರರ ರಾಜ್ಯ ವಿಮೆ, ಇದ್ದವರು ಯಾವ ಕಾರಣದಿಂದ ಸತ್ತರೂ ಅಂತ್ಯಕ್ರಿಯೆಯ ವೆಚ್ಚಕ್ಕೆ 15,000 ರೂಪಾಯಿವರೆಗೆ ಸಿಗುತ್ತದೆ. ಕುಟುಂಬ ಊರಿನಲ್ಲಿದ್ದು, ಇಲ್ಲಿ ಕೋಣೆಯ ಜೊತೆಗಾರನೇ ನಿಂತು ಎಲ್ಲ ಮಾಡಿದರೆ ಅವನಿಗೂ ಸಿಗುತ್ತದೆ. ಖರ್ಚು ಮಾಡಿದವರಿಗೆ ಅದು. ಕೆಲಸದ ವೇಳೆಯ ಅಪಘಾತದಲ್ಲಿ ಸಾವಾದರೆ ಅವಲಂಬಿತರಿಗೆ ಕೂಲಿಯ ಶೇಕಡಾ 90ರ ಲೆಕ್ಕದಲ್ಲಿ ತಿಂಗಳು ತಿಂಗಳು ಹಣ. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ನಾಕಾದಲ್ಲಿ, ಅಂದರೆ ಕೂಲಿಯವರು ಸೇರುವ ಚೌಕದಲ್ಲಿ, ನಿಂತು ಕೂಲಿ ಹಿಡಿಯುವವರಿಗೆ ಇದು ಯಾವುದೂ ಇಲ್ಲ. ಅವರಿಗಿರುವುದು ಮಹಾರಾಷ್ಟ್ರದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ. ನೋಂದಣಿ ಚಾಲ್ತಿಯಲ್ಲಿದ್ದರೆ ಮಾತ್ರ ಅಲ್ಲಿಂದ ನೆರವು.

ಲೋಕಲ್ ರೈಲಿನ ಮಾತು ಹೇಳದೆ ಮುಂಬೈಯಲ್ಲಿ ಈ ಭಾಷಣ ಮುಗಿಯುವಂತಿಲ್ಲ. ಓಡುವ ರೈಲಿನಿಂದ ಬಿದ್ದು ಸತ್ತ ಪ್ರಯಾಣಿಕನ ಕುಟುಂಬಕ್ಕೆ 8 ಲಕ್ಷ ರೂಪಾಯಿ ಪರಿಹಾರ. ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಜೇಬಿನಲ್ಲಿ ಪಾಸ್ ಸಿಗಲಿಲ್ಲ ಎಂಬುದೊಂದೇ ಕಾರಣಕ್ಕೆ ಅರ್ಜಿ ತಳ್ಳಿಹಾಕುವಂತಿಲ್ಲ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಳಿ ದಾಟುವಾಗ ಸತ್ತರೆ ಈ ಪರಿಹಾರ ಇಲ್ಲ.

ನಾಮಿನಿ ಇಲ್ಲದ ದೊಡ್ಡ ಮೊತ್ತಕ್ಕೆ ಬ್ಯಾಂಕಿನವರು ವಾರಸುದಾರರ ದಾಖಲೆ ಕೇಳುತ್ತಾರೆ. ನಮ್ಮವರು ಕೂಡಲೇ ಊರಿಗೆ ಓಡಿ ನಾಡಕಚೇರಿಯಿಂದ ವಂಶವೃಕ್ಷ ತರುತ್ತಾರೆ. ಕುಟುಂಬದಲ್ಲಿ ಯಾರ್ಯಾರಿದ್ದಾರೆ ಎಂದು ತೋರಿಸಲು ಅದು ನೆರವಾಗುತ್ತದೆ. ಆದರೆ ಇಲ್ಲಿ ವಾರಸುದಾರಿಕೆಯ ಪ್ರಮಾಣಪತ್ರ ಕೊಡುವುದು ನ್ಯಾಯಾಲಯ, ಅದೂ 1827ರ ಬಾಂಬೆ ರೆಗ್ಯುಲೇಶನ್ ಪ್ರಕಾರ. ಕಂಪನಿ ಸರ್ಕಾರ ಹೋಯಿತು, ರಾಣಿಯೂ ಹೋದಳು, ಆ ಕಾಯಿದೆ ಮಾತ್ರ ಕೂತಿದೆ. ವಕೀಲರ ಬಳಿ ಹೋಗುವ ಮೊದಲು ಈ ಕಾಗದ ನಿಜಕ್ಕೂ ಬೇಕೇ ಎಂದು ಬ್ಯಾಂಕಿನಿಂದ ಲಿಖಿತವಾಗಿ ಕೇಳಿ ಪಡೆಯಿರಿ.

ಕೊನೆಗೆ, ಹೋದವರ ಎಲ್ಲ ಪಾಸ್‌ಬುಕ್‌ಗಳನ್ನೂ ಹೊರತೆಗೆಯಿರಿ, ಸಂಬಳದ ಖಾತೆ ಮಾತ್ರವಲ್ಲ. ಮೇ ಕೊನೆಯ ಸುಮಾರಿಗೆ 436 ರೂಪಾಯಿ ಕಡಿತವಾದ ಸಾಲು ಕಂಡರೆ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆ: ಸಾವು ಹೇಗಾದರೂ ನಾಮಿನಿಗೆ 2 ಲಕ್ಷ. 20 ರೂಪಾಯಿಯ ಸಾಲು ಸುರಕ್ಷಾ ವಿಮೆಯದು, ಅಪಘಾತಕ್ಕೆ ಮಾತ್ರ. ಪೊಲೀಸ್ ದಾಖಲೆ, ಮರಣೋತ್ತರ ಪರೀಕ್ಷೆಯ ವರದಿ ಜೊತೆಗಿರಬೇಕು. ಅರ್ಜಿ ಕೊಡುವುದು ಆ ಬ್ಯಾಂಕಿನ ಶಾಖೆಯಲ್ಲಿಯೇ. ಸ್ವೀಕರಿಸಿದ ಮೊಹರು ಬಿದ್ದ ಪ್ರತಿಯನ್ನು ಕೈಯಲ್ಲಿ ಹಿಡಿದೇ ಕೌಂಟರ್ ಬಿಟ್ಟು ಬನ್ನಿ.