ಗುಂಪಿನಲ್ಲಿ ಮಾತಾಡುವವರು ಯಾರು?

ಕೇಳುಗರಿಗೆ ನಮಸ್ಕಾರ.

ಮಕ್ಕಳನ್ನು ಗುಂಪಾಗಿ ಕೂರಿಸಿದರೆ ಗಲಾಟೆ ಜಾಸ್ತಿ ಅಂತ ಎಷ್ಟೋ ಮೇಷ್ಟ್ರುಗಳು ಗೊಣಗುತ್ತಾರೆ. ಆಗಲಿ ಬಿಡಿ. ಭಾಷೆ ಕಲಿಯುವ ಜಾಗದಲ್ಲಿ ಸದ್ದೇ ಇಲ್ಲದಿದ್ದರೆ ಯೋಚನೆ ಮಾಡಬೇಕು, ಅಲ್ವಾ? ನನಗಿರುವ ಚಿಂತೆ ಬೇರೆ. ಕೂತ ಎರಡೇ ನಿಮಿಷಕ್ಕೆ ಗುಂಪಿನ ಚುರುಕು ಮಗು ಪೆನ್ಸಿಲ್ ಕಿತ್ತುಕೊಳ್ಳುತ್ತದೆ. ಉಳಿದವರು ಸುಮ್ನೆ ನೋಡುತ್ತಾ ಕೂರುತ್ತಾರೆ.

ನಮ್ಮ ಸರ್ಕಾರಿ ಶಾಲೆಗಳ ಚಿಕ್ಕ ಮಕ್ಕಳು ಆಡುತ್ತಾ ಕಲಿಯುವ ನಲಿ-ಕಲಿ ಪದ್ಧತಿಯನ್ನೇ ನೋಡಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಯಿತು. ದಾರಿ ತೋರಿಸಿದ್ದು ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳು. ಇಲ್ಲಿ ಮಕ್ಕಳು ಐದು ತಟ್ಟೆಗಳಾಗಿ, ಅಂದರೆ ಐದು ಗುಂಪುಗಳಾಗಿ, ಕೂರುತ್ತಾರೆ. ಒಂದು ತಟ್ಟೆಯ ಜೊತೆ ಟೀಚರ್ ಪೂರ್ತಿ ಇರುತ್ತಾರೆ. ಇನ್ನೊಂದರಲ್ಲಿ ಗೆಳೆಯರೇ ಗೆಳೆಯರಿಗೆ ಹೇಳಿಕೊಡುತ್ತಾರೆ. ಮತ್ತೊಂದರಲ್ಲಿ ಮಗು ತಾನೇ ಕಲಿಯುತ್ತದೆ. ಟೀಚರ್ ಪಕ್ಕದಲ್ಲಿ ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಯಾಕೆಂದರೆ ಕಲಿಕೆ ಅ, ಆ, ಇ, ಈ ಅಂತ ಶುರುವಾಗುವುದೇ ಇಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಈ ಐದೇ ಅಕ್ಷರ ಇದ್ದರೂ ಸರ, ಅರಸ, ಗರಗಸ ಎಲ್ಲ ಮಾಡಬಹುದು. ಮಕ್ಕಳ ಕೈಗೆ ಮೊದಲ ವಾರದಲ್ಲೇ ಆಡಲು ಸರಕು ಸಿಕ್ಕಿತು!

ಮೇಲಿನ ತರಗತಿಗೆ ನಾನು ಹೇಳುವ ಉಪಾಯ ಇದು. ಬಾಯಾರಿದ ಕಾಗೆಯ ಕಥೆಯನ್ನು ನಾಲ್ಕು ವಾಕ್ಯದಲ್ಲಿ ಬರೆದು, ನಾಲ್ಕು ಚೀಟಿ ಮಾಡಿ. ಗುಂಪಿಗೆ ನಾಲ್ಕೇ ಮಕ್ಕಳು, ತಲೆಗೊಂದು ಚೀಟಿ. ಚೀಟಿ ತೋರಿಸುವಂತಿಲ್ಲ, ಓದಿ ಹೇಳಬೇಕು. ಎಲ್ಲರೂ ಸೇರಿ ಕಥೆಯನ್ನು ಸಾಲಾಗಿ ಜೋಡಿಸಬೇಕು. ಬಾಯಿ ಬಿಡದ ಹುಡುಗಿಯ ಹತ್ತಿರ "ನೀರು ಮೇಲೆ ಬಂತು" ಅನ್ನುವ ಚೀಟಿ ಇದ್ದರೆ, ಅವಳು ಓದುವ ತನಕ ಕಾಗೆಗೆ ನೀರಿಲ್ಲ. ಚುರುಕು ಹುಡುಗ ಕೂಡ ಕಾಯಲೇಬೇಕು. ಓದಲು ತಡವರಿಸುವ ಮಗುವಿಗೆ ಚಿಕ್ಕ ವಾಕ್ಯದ ಚೀಟಿ ಕೊಡಿ.

ಬಳ್ಳಾರಿ ಕಡೆ ಮಕ್ಕಳು ಗುಂಪಿನಲ್ಲಿ ತೆಲುಗಿಗೆ ಜಾರುತ್ತಾರೆ, ಮಂಗಳೂರಿನಲ್ಲಿ ತುಳುವಿಗೆ. ಗದರಬೇಡಿ. ಚರ್ಚೆ ಮನೆಮಾತಿನಲ್ಲೇ ನಡೆಯಲಿ, ಕೊನೆಗೆ ಕಥೆಯನ್ನು ಕನ್ನಡದಲ್ಲಿ ಹೇಳಿದರೆ ಆಯಿತು.

ಇನ್ನೊಂದು ಮಾತು. ಕಥೆ ಒಪ್ಪಿಸುವವರು ಯಾರು ಅಂತ ಮೊದಲೇ ಹೇಳಬೇಡಿ. ಕೆಲಸ ಮುಗಿದ ಮೇಲೆ ಒಬ್ಬರನ್ನು ಎಬ್ಬಿಸಿ. ಮುಂದೆ ಯಾರ ಸರದಿ ಬರುತ್ತದೋ ಗೊತ್ತಿಲ್ಲದಿದ್ದರೆ, ಗುಂಪಿನವರೇ ಹಿಂದುಳಿದ ಗೆಳೆಯನಿಗೆ ಕೂತು ಹೇಳಿಕೊಡುತ್ತಾರೆ.

ನಮಸ್ಕಾರ.