ಪಾವಗಡದ ಸೋಲಾರ್ ಬಾಡಿಗೆ: ಊರಿಗೆ ಬಂದಿದ್ದೆಷ್ಟು?

[ದೃಶ್ಯ: ಡ್ರೋನ್ ಶಾಟ್. ಗುಡ್ಡದ ಬುಡದವರೆಗೂ ಸೋಲಾರ್ ಪ್ಯಾನೆಲ್]

ನಮಸ್ಕಾರ. ಇದು ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು. ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ. ಸಾಮರ್ಥ್ಯ 2,050 ಮೆಗಾವಾಟ್. ಮೊದಲ ಹಂತ 2018ರಲ್ಲಿ ಉದ್ಘಾಟನೆ ಆಯಿತು. ಎಷ್ಟು ದೊಡ್ಡದು ಅಂತ ತೋರಿಸುವ ವಿಡಿಯೋ ಬೇಕಾದಷ್ಟಿವೆ. ನಾವು ಇವತ್ತು ನೋಡುವುದು ದುಡ್ಡಿನ ಲೆಕ್ಕ. ಇದರಿಂದ ಜನ ಊರಲ್ಲೇ ಉಳಿಯುತ್ತಾರಾ?

ಮೊದಲು ಊರು ಯಾಕೆ ಖಾಲಿಯಾಗುತ್ತದೆ ಅಂತ ನೋಡೋಣ. ಇಲ್ಲಿ ಮಳೆ ಕಡಿಮೆ, ಬರ ಜಾಸ್ತಿ. ಬೋರ್‌ವೆಲ್ ಆಳಕ್ಕೆ ಇಳಿದಷ್ಟೂ ಖರ್ಚು. ಬಂದ ನೀರಲ್ಲೂ ಫ್ಲೋರೈಡ್. 2002ರಲ್ಲಿ, ಯಾವ ಪ್ರದೇಶ ಎಷ್ಟು ಹಿಂದುಳಿದಿದೆ ಅಂತ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಅಂತ ಗುರುತಿಸಿತು. ಪಾವಗಡ ಆ ಪಟ್ಟಿಯಲ್ಲಿದೆ. ಮೂರು ದಿಕ್ಕಿಗೂ ಆಂಧ್ರ, ಊರಲ್ಲಿ ದೊಡ್ಡ ಕೈಗಾರಿಕೆ ಇಲ್ಲ. ಓದಿದ ಹುಡುಗರು ಬೆಂಗಳೂರು ಬಸ್ ಹತ್ತದೆ ಇನ್ನೇನು ಮಾಡುತ್ತಾರೆ?

[ದೃಶ್ಯ: ಪಹಣಿಯ ಕ್ಲೋಸಪ್]

ಇಲ್ಲಿ ಒಂದು ಒಳ್ಳೆಯ ಕೆಲಸ ಆಗಿದೆ, ಅದನ್ನು ಒಪ್ಪಲೇಬೇಕು. ಸರ್ಕಾರ ಭೂಮಿ ಕಿತ್ತುಕೊಳ್ಳಲಿಲ್ಲ. ರೈತರಿಂದ 28 ವರ್ಷಕ್ಕೆ ಗುತ್ತಿಗೆಗೆ ತೆಗೆದುಕೊಂಡಿತು. ಜಮೀನು ಅವರ ಹೆಸರಲ್ಲೇ ಇದೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆ ನಂಬಿ ಕಡಲೆಕಾಯಿ ಹಾಕಿ ಬೀಜದ ದುಡ್ಡೂ ಕೈಗೆ ಬಾರದವರಿಗೆ ಇದು ದೊಡ್ಡ ಧೈರ್ಯ.

[ಪರದೆಯ ಮೇಲೆ ಲೆಕ್ಕ]

ಆದರೆ ಈಗ ಕ್ಯಾಲ್ಕುಲೇಟರ್ ತೆಗೆಯಿರಿ. ಐದು ಎಕರೆ ಇದ್ದವರಿಗೆ ಶುರುವಿನಲ್ಲಿ ವರ್ಷಕ್ಕೆ 1,05,000. ತಿಂಗಳಿಗೆ 8,750. ಎರಡು ವರ್ಷಕ್ಕೊಮ್ಮೆ ಶೇ. 5 ಏರುತ್ತಾ ಹೋದರೆ ಕೊನೆಯ ವರ್ಷ ಎಕರೆಗೆ ಸುಮಾರು 39,600 ರೂಪಾಯಿ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಸಾಮಾನಿನ ಬೆಲೆ ಪ್ರತಿ ವರ್ಷ ಶೇ. 5 ಏರುತ್ತದೆ ಅಂತ ಇಟ್ಟುಕೊಳ್ಳಿ. ಆಗ ಆ 39,600ಕ್ಕೆ ಸಿಗುವ ಸಾಮಾನು ಮೊದಲ ವರ್ಷದ ಬೆಲೆಯಲ್ಲಿ ಸುಮಾರು 10,600 ರೂಪಾಯಿಯದ್ದು. ಅಂದರೆ ಬಾಡಿಗೆ ಏರುತ್ತಲೇ ಅರ್ಧಕ್ಕೆ ಇಳಿದಿರುತ್ತದೆ. ಸಹಿ ಹಾಕುವಾಗ ಎಲ್ಲರೂ ನೋಡುವುದು ಮೊದಲ ವರ್ಷದ ಮೊತ್ತವನ್ನೇ.

ಇದು ಪಹಣಿ ಇದ್ದವರ ಕಥೆ. ಇಲ್ಲದವರದ್ದು?

[ದೃಶ್ಯ: ಕಡಲೆಕಾಯಿ ಬಿಡಿಸುತ್ತಿರುವ ಹೆಂಗಸರು]

ಕಡಲೆಕಾಯಿ ಹೊಲದಲ್ಲಿ ಎಷ್ಟು ಕೈಗೆ ಕೆಲಸ ಇರುತ್ತದೆ ನೋಡಿ. ಬಿತ್ತನೆ ಬೀಜ ಒಡೆದು ಆರಿಸಬೇಕು. ಕಳೆ ತೆಗೆಯಬೇಕು. ಕೊನೆಗೆ ಗಿಡ ಕಿತ್ತು, ನೆರಳಲ್ಲಿ ಗುಡ್ಡೆ ಹಾಕಿಕೊಂಡು ಹೆಂಗಸರು ಸಾಲಾಗಿ ಕೂತು ಕಾಯಿ ಬಿಡಿಸಬೇಕು. ಬಳ್ಳಿ ದನಕ್ಕೆ ಮೇವು. ಸುಗ್ಗಿ ಮುಗಿದ ಹೊಲದಲ್ಲಿ ಕುರಿ ಮೇಯುತ್ತವೆ. ಜಮೀನಿಲ್ಲದವರಿಗೆ ಹೊಲ ತಮ್ಮದಲ್ಲದಿದ್ದರೂ ಊಟ ಅಲ್ಲಿತ್ತು. ಪಾರ್ಕಿಗೆ ಬೇಲಿ ಹಾಕಿದ ಮೇಲೆ ಕೂಲಿಯೂ ಇಲ್ಲ, ಮೇವೂ ಇಲ್ಲ. ಬಾಡಿಗೆ ಬರುವುದು ಪಹಣಿಯಲ್ಲಿ ಹೆಸರಿದ್ದವರ ಬ್ಯಾಂಕ್ ಖಾತೆಗೆ ಮಾತ್ರ.

ಪಾರ್ಕಿನಲ್ಲಿ ಕೆಲಸ ಇಲ್ಲವೇ ಅಂತ ಕೇಳಬಹುದು. ಕಟ್ಟುವಾಗ ಜಾಸ್ತಿ ಇರುತ್ತದೆ. ಕಟ್ಟಿ ಮುಗಿದ ಮೇಲೆ ಉಳಿಯುವುದು ಸೆಕ್ಯುರಿಟಿ, ಹುಲ್ಲು ಕೊಯ್ಯುವುದು, ಪ್ಯಾನೆಲ್ ತೊಳೆಯುವುದು, ಒಂದಿಷ್ಟು ಎಲೆಕ್ಟ್ರಿಷಿಯನ್ ಕೆಲಸ. ಬಿಸಿಲಿನಿಂದ ಕರೆಂಟ್ ತೆಗೆಯೋಕೆ ಹೆಚ್ಚು ಜನ ಬೇಕಿಲ್ಲ. ಅದು ಅಗ್ಗ ಆಗೋಕೆ ಇದೂ ಒಂದು ಕಾರಣ.

ಹಾಗಾದರೆ ಏನು ಮಾಡಬಹುದು? ನನಗೆ ಎಲ್ಲಕ್ಕಿಂತ ಸರಿ ಅನ್ನಿಸುವುದು ಕುರಿ. ನಗಬೇಡಿ. ಪ್ಯಾನೆಲ್ ಕೆಳಗಿನ ಹುಲ್ಲು ಒಣಗಿದರೆ ಬೆಂಕಿಯ ಭಯ, ಕೊಯ್ಯಲು ಖರ್ಚು. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಸೋಲಾರ್ ಪಾರ್ಕ್ ಒಳಗೇ ಕುರಿ ಮೇಯಿಸುತ್ತಾರೆ. ಮೇಕೆ ಮಾತ್ರ ಬೇಡ, ಅದು ವೈರ್ ಕಚ್ಚುತ್ತದೆ, ಪ್ಯಾನೆಲ್ ಮೇಲೂ ಹತ್ತುತ್ತದೆ. ಪಾವಗಡಕ್ಕೆ ಕುರಿ ಸಾಕುವುದನ್ನು ಯಾರೂ ಬಂದು ಕಲಿಸಬೇಕಿಲ್ಲ. ಜಮೀನಿಲ್ಲದ ಮನೆಗಳಿಗೆ ಒಳಗೆ ಮೇಯಿಸುವ ಹಕ್ಕನ್ನು ಕರಾರಿನಲ್ಲೇ ಬರೆದುಕೊಟ್ಟರೆ ಕಂಪನಿಗೂ ಹುಲ್ಲಿನ ಖರ್ಚು ಉಳಿಯುತ್ತದೆ.

ಇನ್ನೊಂದು, ಬಾಡಿಗೆಯ ಜೊತೆಗೆ ಪ್ರತಿ ಯೂನಿಟ್‌ಗೆ ಇಂತಿಷ್ಟು ಪೈಸೆ ಅಂತ ಗ್ರಾಮ ಪಂಚಾಯಿತಿಗೆ ಬರಬೇಕು. ಕೆರೆ ಹೂಳು, ಶಾಲೆ, ಶುದ್ಧ ನೀರಿನ ಘಟಕದ ರಿಪೇರಿಗೆ ಅದು ಆಗುತ್ತದೆ. ಆ ದುಡ್ಡಿಗೆ ಪಹಣಿ ಕೇಳುವ ಹಾಗಿಲ್ಲ, ಊರಲ್ಲಿ ಇರುವವರಿಗೆಲ್ಲ ಸಿಗುತ್ತದೆ.

[ದೃಶ್ಯ: ಹೊಲದ ಮೂಲೆಯ ಬಾಂದು ಕಲ್ಲು]

ನಿಮ್ಮ ಕಡೆ, ಶಿರಾದಲ್ಲೋ ಮಧುಗಿರಿಯಲ್ಲೋ, ಸೋಲಾರ್‌ನವರು ಜಮೀನು ಕೇಳುತ್ತಿದ್ದರೆ ಮೂರು ವಿಷಯ ನೋಡಿಕೊಳ್ಳಿ. ಏರಿಕೆ ಪ್ರತಿ ವರ್ಷವೋ, ಎರಡು ವರ್ಷಕ್ಕೊಮ್ಮೆಯೋ? ಅವಧಿ ಮುಗಿದ ಮೇಲೆ ಕಂಬ, ಕಾಂಕ್ರೀಟು ಯಾರು ಕೀಳುತ್ತಾರೆ? ಸಮತಟ್ಟು ಮಾಡುವಾಗ ಬದು ಹೋಗುತ್ತದೆ, ಬಾಂದು ಕಲ್ಲೂ ಹೋಗಬಹುದು. ಇಷ್ಟು ವರ್ಷ ಆದ ಮೇಲೆ ನಮ್ಮ ಹೊಲ ಎಲ್ಲಿಂದ ಎಲ್ಲಿಗೆ ಅಂತ ನಿಮ್ಮ ಮಕ್ಕಳು ಕೇಳಿದರೆ ತೋರಿಸೋಕೆ ಸರ್ವೆ ನಕ್ಷೆ ಈಗಲೇ ತೆಗೆದಿಟ್ಟುಕೊಳ್ಳಿ. ನಿಮ್ಮೂರಲ್ಲಿ ಎಕರೆಗೆ ಎಷ್ಟು ಹೇಳುತ್ತಿದ್ದಾರೆ ಅಂತ ಕಾಮೆಂಟಿನಲ್ಲಿ ಬರೆಯಿರಿ.